ಬಾರ್ಡರ್‌ಲ್ಯಾಂಡ್ಸ್ 4: ದುಡ್ಡು ಹಾಕೋ ಮುಂಚೆ ಇಷ್ಟು ಕೇಳಿ

ಅರಸೀಕೆರೆಯಲ್ಲಿ ಒಬ್ಬ, ಬೇಲೂರಲ್ಲಿ ಇಬ್ಬರು, ಹಳೇಬೀಡಲ್ಲಿ ಇನ್ನೊಬ್ಬ. ಇಂಥ ನಾಲ್ಕು ಜನರ ಗ್ಯಾಂಗ್ ಆನ್‌ಲೈನ್‌ನಲ್ಲಿ ಒಟ್ಟಿಗೆ ಆಡೋಕೆ ಹೇಳಿ ಮಾಡಿಸಿದಂಥ ಗೇಮ್ ‘ಬಾರ್ಡರ್‌ಲ್ಯಾಂಡ್ಸ್ 4’. 2025ರ ಸೆಪ್ಟೆಂಬರ್ 12ಕ್ಕೆ ಬಂತು.

ಇದು ಬರೀ ಗುಂಡು ಹಾರಿಸೋ ಆಟ ಅಲ್ಲ. ವೆಕ್ಸ್, ರಾಫಾ, ಅಮೋನ್, ಹಾರ್ಲೋ ಅಂತ ನಾಲ್ಕು ಪಾತ್ರಗಳು. ಒಬ್ಬೊಬ್ಬರಿಗೂ ಬೇರೆ ಶಕ್ತಿ, ಬೇರೆ ಸ್ಕಿಲ್ ಟ್ರೀ. ಲೆವೆಲ್ ಏರಿದಾಗ ಸಿಗೋ ಪಾಯಿಂಟ್ ಯಾವುದಕ್ಕೆ ಹಾಕ್ಬೇಕು ಅನ್ನೋದು ನಿಮ್ಮ ಲೆಕ್ಕಾಚಾರ.

ಗ್ಯಾಂಗ್‌ನಲ್ಲಿ ಮನಸ್ತಾಪ ಬರೋದು ಎರಡು ಕಾರಣಕ್ಕೆ. ಒಂದು, ಬಿದ್ದ ಗನ್ ಯಾರಿಗೆ ಅಂತ. ಇಲ್ಲಿ ಲೂಟ್ ಒಬ್ಬೊಬ್ಬರಿಗೂ ಬೇರೆ ಬೇರೆ ಸಿಗುತ್ತೆ, ಕಿತ್ತಾಟವೇ ಇಲ್ಲ. ಇನ್ನೊಂದು, ಪರೀಕ್ಷೆ, ಕೆಲಸ ಅಂತ ಹಿಂದೆ ಉಳಿದ ಗೆಳೆಯನ ಪಾಡು. ಶತ್ರುಗಳ ಬಲ ಆಯಾ ಆಟಗಾರರ ಲೆವೆಲ್‌ಗೆ ಹೊಂದಿಕೊಳ್ಳುತ್ತೆ. ಹಾಗಾಗಿ ಹೊಸಬನೂ ಹಳಬನ ಜೊತೆ ಆರಾಮಾಗಿ ಆಡಬಹುದು.

ಆದ್ರೆ ಒಂದು ಮಾತು: ಇದು ಮೊಬೈಲ್‌ಗೆ ಬಂದಿಲ್ಲ. ಪಿಸಿಯಲ್ಲಿ ಆಡೋಕೆ ಕನಿಷ್ಠ 16 ಜಿಬಿ ರ್‍ಯಾಮ್, 8 ಜಿಬಿ ಗ್ರಾಫಿಕ್ಸ್ ಮೆಮೊರಿ, ಎಸ್‌ಎಸ್‌ಡಿಯಲ್ಲಿ 100 ಜಿಬಿ ಜಾಗ ಬೇಕು. ಕೊಳ್ಳೋ ಮುಂಚೆ ನಿಮ್ಮ ಸಿಸ್ಟಮ್ ನೋಡ್ಕೊಳ್ಳಿ. ಸ್ಟೀಮ್‌ನಲ್ಲಿ ತಗೊಂಡ್ರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ರೆ, ರೀಫಂಡ್ ಕೇಳಬಹುದು.

ಪಿಸಿ ಇಲ್ವಾ? ಗ್ಯಾಂಗ್‌ನಲ್ಲಿ ಯಾರ ಮನೆಯಲ್ಲಾದ್ರೂ ಪ್ಲೇಸ್ಟೇಷನ್ 5 ಇದ್ರೆ, ಒಂದೇ ಟಿವಿ ಪರದೆ ಹಂಚಿಕೊಂಡು ಇಬ್ಬರು ಆಡಬಹುದು. ಸಾಲ ಮಾಡಿ ಪಿಸಿ ತರೋಕಿಂತ, ಭಾನುವಾರ ಬಸ್ ಹತ್ತಿ ಗೆಳೆಯನ ಮನೆಗೆ ಹೋಗೋದೇ ವಾಸಿ.