ವಂಶದ ಋಣ, ಹೃದಯದ ಋಣ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಪಾಠ)



ಚಲನಚಿತ್ರವೆಂದೊಡನೆ ಹಿರಿಯರು ಹುಬ್ಬು ಗಂಟಿಕ್ಕುವುದೂ ಕಿರಿಯರು ಕಿವಿ ನಿಮಿರಿಸುವುದೂ ವಾಡಿಕೆ. ನಾನು ಇಂದು ಹೇಳಹೊರಟಿರುವ ಚಿತ್ರವಾದರೋ ಇಬ್ಬರೂ ಜೊತೆಯಲ್ಲಿ ಕುಳಿತು ನೋಡಿ, ಮನೆಗೆ ಬಂದು ಬಹಳ ಹೊತ್ತು ಮಾತನಾಡಬೇಕಾದದ್ದು. ಅದರ ಹೆಸರು 'ವಂಶವೃಕ್ಷ'. ಎಸ್. ಎಲ್. ಭೈರಪ್ಪನವರು 1965ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿ, ಬಿ. ವಿ. ಕಾರಂತರೂ ಗಿರೀಶ ಕಾರ್ನಾಡರೂ ಕೂಡಿ ನಿರ್ದೇಶಿಸಿದ ಚಿತ್ರವಿದು. ನಿರ್ಮಾಪಕರು ಜಿ. ವಿ. ಅಯ್ಯರ್. ಉತ್ತಮ ನಿರ್ದೇಶನಕ್ಕಾಗಿ ಇಬ್ಬರೂ ನಿರ್ದೇಶಕರು ರಾಷ್ಟ್ರಪ್ರಶಸ್ತಿಯನ್ನು ಹಂಚಿಕೊಂಡರು. ಮುಂದೆ ವಿಷ್ಣುವರ್ಧನ್ ಎಂದು ಮನೆಮಾತಾದ ನಟರು ಇದರಲ್ಲಿ ಚಿಕ್ಕದೊಂದು ಪಾತ್ರ ವಹಿಸಿದ್ದಾರೆ.

ಇದು ಕಪ್ಪು ಬಿಳುಪಿನ ಚಿತ್ರ. ಇಲ್ಲಿ ಹೊಡೆದಾಟವಿಲ್ಲ, ಕುಣಿತವಿಲ್ಲ. ಕಥೆಯ ನಡಿಗೆಯೂ ನಿಧಾನ. ಮಾತಿಗಿಂತ ಮೌನವೇ ಇಲ್ಲಿ ಹೆಚ್ಚು ಹೇಳುತ್ತದೆ. ಪೇಟೆಯ ಸಿನಿಮಾದ ವೇಗಕ್ಕೆ ಒಗ್ಗಿದ ಕಣ್ಣಿಗೆ ಮೊದಲು ತುಸು ಬೇಸರವಾದೀತು. ಆದರೆ ಮನೆಯೊಳಗಿನ ದುಃಖವು ಗದ್ದಲ ಮಾಡುತ್ತ ಬರುವುದಿಲ್ಲವೆಂಬುದನ್ನು ಸಂಸಾರಸ್ಥರೆಲ್ಲರೂ ಬಲ್ಲರು.

ಕಥೆ ನಂಜನಗೂಡಿನದು, ಸ್ವಾತಂತ್ರ್ಯಕ್ಕೆ ಮುಂಚಿನ ಕಾಲದ್ದು. ಶ್ರೀನಿವಾಸ ಶ್ರೋತ್ರಿಗಳು ಶಾಸ್ತ್ರವೇತ್ತರು, ಸತ್ಯನಿಷ್ಠರು. ಅವರ ಒಬ್ಬನೇ ಮಗ ಕಪಿಲೆಯ ಪಾಲಾಗುತ್ತಾನೆ. ಉಳಿದವರು ಸೊಸೆ ಕಾತ್ಯಾಯನಿ ಮತ್ತು ಎಳೆಯ ಮೊಮ್ಮಗ. ಕಾತ್ಯಾಯನಿ ಓದನ್ನು ಮುಂದುವರಿಸಬಯಸಿದಾಗ ಮಾವನವರು ಒಪ್ಪುತ್ತಾರೆ. ಸುಮಾರು 25 ಕಿಲೋಮೀಟರು ದೂರದ ಮೈಸೂರಿಗೆ ರೈಲಿನಲ್ಲಿ ಹೋಗಿಬರುತ್ತಿದ್ದ ಆ ಹೆಣ್ಣುಮಗಳಿಗೆ ಅಲ್ಲಿ ಅಧ್ಯಾಪಕನಾದ ರಾಜನಲ್ಲಿ ಅನುರಾಗ ಉಂಟಾಗುತ್ತದೆ. ಆಕೆ ಅವನನ್ನು ಮದುವೆಯಾಗುತ್ತಾಳೆ. ಹೆತ್ತ ಮಗುವನ್ನು ಮಾತ್ರ ಹಳೆಯ ಮನೆಯಲ್ಲಿಯೇ ಬಿಟ್ಟು ಬರಬೇಕಾಗುತ್ತದೆ. ಆ ಅಗಲಿಕೆಯೇ ಅವಳನ್ನು ಕೊನೆಯವರೆಗೂ ಸುಡುತ್ತದೆ.

ಇಲ್ಲಿ ದುಷ್ಟರು ಯಾರು? ಯಾರೂ ಇಲ್ಲ. ಇದೇ ಈ ಚಿತ್ರದ ಹಿರಿಮೆ. ಮಾವನವರು ಕ್ರೂರಿಯಲ್ಲ, ಸೊಸೆ ಸ್ವೇಚ್ಛಾಚಾರಿಣಿಯಲ್ಲ. ಒಬ್ಬರಿಗೆ ಮಗು ವಂಶದ ಕುಡಿ. ಇನ್ನೊಬ್ಬರಿಗೆ ಒಡಲ ಕುಡಿ. ಎರಡೂ ಸತ್ಯ. ಎರಡು ಸತ್ಯಗಳು ಒಂದೇ ಹೊಸ್ತಿಲಲ್ಲಿ ಎದುರಾದಾಗ ನ್ಯಾಯ ಹೇಳುವುದು ಎಷ್ಟು ಕಷ್ಟ! ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಪುನರ್ವಿವಾಹಕ್ಕೆ 1856ರಲ್ಲಿಯೇ ಕಾಯಿದೆಯ ಸಮ್ಮತಿ ದೊರೆತಿತ್ತು. ಆದರೆ ಅದೇ ಕಾಯಿದೆಯ ಪ್ರಕಾರ, ಮರುಮದುವೆಯಾದವಳು ಮೃತ ಪತಿಯ ಆಸ್ತಿಯಲ್ಲಿನ ಹಕ್ಕನ್ನು ಬಿಟ್ಟುಕೊಡಬೇಕಾಗಿತ್ತು. ಮಕ್ಕಳ ಪಾಲನೆಯನ್ನು ತಮಗೆ ವಹಿಸಬೇಕೆಂದು ಗಂಡನ ಮನೆಯವರು ನ್ಯಾಯಾಲಯವನ್ನು ಕೇಳಬಹುದಾಗಿತ್ತು. ಕಾಯಿದೆ ಬಾಗಿಲು ತೆರೆಯಿತು. ಆದರೆ ದಾಟುವವಳಿಂದ ಸುಂಕ ವಸೂಲು ಮಾಡಿತು.

ಕೊನೆಗೆ ಶ್ರೋತ್ರಿಗಳಿಗೆ ಒಂದು ಗುಟ್ಟು ತಿಳಿಯುತ್ತದೆ. ಯಾವ ವಂಶದ ಪವಿತ್ರತೆಗಾಗಿ ತಾವು ಬಾಳನ್ನೆಲ್ಲ ಸವೆಸಿದರೋ, ಆ ವಂಶದ ರಕ್ತ ತಮ್ಮಲ್ಲಿಯೇ ಹರಿಯುತ್ತಿಲ್ಲ! ಹಾಗಾದರೆ ಅವರ ಸತ್ಯನಿಷ್ಠೆ ಸುಳ್ಳಾಯಿತೇ? ಇಲ್ಲ. ಸುಳ್ಳಾದದ್ದು ವಂಶದ ಹೆಮ್ಮೆ. ನಿಂತದ್ದು ಅವರ ನಡತೆ. ಮನೆತನವೆಂಬುದು ರಕ್ತದಿಂದಲ್ಲ, ನಡೆದುಕೊಂಡ ರೀತಿಯಿಂದ ಎಂಬ ಪಾಠವನ್ನು ನಾನಿಲ್ಲಿ ಕಾಣುತ್ತೇನೆ.

ದೂರದ ನಂಜನಗೂಡಿನ ಕಥೆ ನಮಗೇಕೆ ಎನ್ನುವಿರಾ? ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ನಾವು ಗಡಿನಾಡಿನವರು. ಗದ್ವಾಲವಂತೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯಲ್ಲಿಯೇ ಇತ್ತು. ಗೆರೆ ಎಳೆದ ಮಾತ್ರಕ್ಕೆ ನಂಟು ಹರಿಯಲಿಲ್ಲ; ಕೃಷ್ಣೆಯ ಆಚೆಯ ಮಗಳು ಈಚೆಯ ಸೊಸೆಯಾಗುವುದು ನಿಲ್ಲಲಿಲ್ಲ. ಇಂತಹ ನಾಡಿನಲ್ಲಿ ಕುಟುಂಬವೇ ನಮ್ಮ ದೊಡ್ಡ ಆಸರೆ. ಆದುದರಿಂದಲೇ ಅದರ ಭಾರವೂ ದೊಡ್ಡದು. ಹತ್ತನೆಯ ತರಗತಿ ಮುಗಿಸಿದ ಹುಡುಗಿ ಮುಂದೆ ಓದುತ್ತೇನೆಂದಾಗ, ಮಗ ಮಗ್ಗದ ಕಸುಬನ್ನು ಬಿಟ್ಟು ಬೇರೆ ಊರಿಗೆ ಹೋಗುತ್ತೇನೆಂದಾಗ, ಕಾತ್ಯಾಯನಿಯ ಪ್ರಶ್ನೆಯೇ ನಮ್ಮ ಪಡಸಾಲೆಗೆ ಬಂದು ಕೂರುತ್ತದೆ.

ತಾಯಿತಂದೆಗಳಲ್ಲಿ ನನ್ನದೊಂದು ಅರಿಕೆ. ಕರ್ತವ್ಯವನ್ನು ಮಕ್ಕಳಿಗೆ ಕಲಿಸಿರಿ. ಆದರೆ ಮನೆಯ ಮಾನವನ್ನೆಲ್ಲ ಒಂದೇ ಕೊರಳಿಗೆ, ಅದರಲ್ಲಿಯೂ ಹೆಣ್ಣಿನ ಕೊರಳಿಗೆ, ಕಟ್ಟಬೇಡಿರಿ. ಅವರ ಮನಸ್ಸನ್ನು ಕಾಲ ಮೀರುವ ಮುನ್ನ ಕೇಳಿರಿ. ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಪ್ರೀತಿಗೆ ಬೆಲೆಯುಂಟು, ಅದನ್ನು ತೆರುವವರು ನೀವೊಬ್ಬರೇ ಅಲ್ಲ. ನಿಮ್ಮನ್ನು ಸಾಕಿದವರ ಕಣ್ಣೀರೂ ಆ ಲೆಕ್ಕದಲ್ಲಿ ಸೇರಿದೆ. ನಿಮ್ಮ ಬಯಕೆಯನ್ನು ಬಚ್ಚಿಡದೆ, ಹಿರಿಯರ ಮುಂದೆ ನಿಂತು ಹೇಳುವ ಧೈರ್ಯವನ್ನು ಬೆಳೆಸಿಕೊಳ್ಳಿರಿ.

ಗದ್ವಾಲದ ಸೀರೆಯನ್ನು ನೀವೆಲ್ಲರೂ ಬಲ್ಲಿರಿ. ಅದರ ಒಡಲು ಹತ್ತಿ, ಅಂಚು ರೇಷ್ಮೆ. ಬೇರೆ ಬೇರೆ ಗುಣದ ಎಳೆಗಳನ್ನು ನೇಕಾರನು ಹೆಣೆದು ಒಂದು ಮಾಡುತ್ತಾನೆ. ಎಳೆಯನ್ನು ಅತಿಯಾಗಿ ಎಳೆದರೆ ಹರಿಯುತ್ತದೆ, ಸಡಿಲ ಬಿಟ್ಟರೆ ನೇಯ್ಗೆ ಕೆಡುತ್ತದೆ. ಕರ್ತವ್ಯವನ್ನೂ ಪ್ರೀತಿಯನ್ನೂ ಒಂದೇ ಮನೆಯಲ್ಲಿ ಹೆಣೆಯಲು ಅಂಥದೇ ತಾಳ್ಮೆಯ ಕೈ ಬೇಕು. ಆ ತಾಳ್ಮೆಯು ನಮ್ಮ ಮನೆಮನೆಗಳಲ್ಲಿ ನೆಲೆಸಲಿ ಎಂದು ಹಾರೈಸುತ್ತೇನೆ.