ಕಸೂತಿಯ ಲೆಕ್ಕದಲ್ಲಿ ಬಾರ್ ಚಾರ್ಟ್: ಆರ್‌ನಲ್ಲಿ ವಾಫಲ್ ಚಿತ್ರ

ನೋಯ್ಡಾದಿಂದ ಮಾತಾಡ್ತಿದ್ದೀನಿ. ಹಿಂದೆ ಮೆಟ್ರೋ ಸದ್ದು ಕೇಳಿದರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಇಲ್ಲಿರುವ ನಮಗೆಲ್ಲ ಒಂದು ಪ್ರಶ್ನೆ ಪರಿಚಿತ. ‘ಕರ್ನಾಟಕ ಅಂದ್ರೆ ಎಲ್ಲರೂ ಕನ್ನಡ ತಾನೇ?’ ಅಂತ ಆಫೀಸಿನಲ್ಲಿ ಕೇಳ್ತಾರೆ. ರಾಜ್ಯೋತ್ಸವಕ್ಕೆ ಇದಕ್ಕೊಂದು ಚಂದದ ಪೋಸ್ಟರ್ ಮಾಡೋಣ ಅಂತ ಹೊರಟಿದ್ದು. ಅಂಕಿಗಳು 2011ರ ಜನಗಣತಿಯವು. 2021ರ ಗಣತಿ ನಡೆಯಲೇ ಇಲ್ಲವಲ್ಲ, ಹಾಗಾಗಿ ಹಳೆಯದೇ ಗತಿ.

ವಾಫಲ್ ಚಾರ್ಟ್ ಅಂದ್ರೆ ಚೌಕಗಳ ಚಿತ್ರ. ಸಾಮಾನ್ಯವಾಗಿ ಹತ್ತು ಸಾಲು, ಹತ್ತು ಕಂಬ, ಒಟ್ಟು ನೂರು ಚೌಕ. ಒಂದು ಚೌಕ ಅಂದ್ರೆ ಶೇಕಡಾ 1. ಇದರ ಹಿಂದಿನ ಯೋಚನೆ ಹಳೆಯದು. 1920ರ ದಶಕದಲ್ಲಿ ವಿಯೆನ್ನಾದ ಒಟ್ಟೋ ನ್ಯೂರಾತ್ ಹೇಳಿದ್ದು ಇಷ್ಟೇ: ಸಂಖ್ಯೆ ಹೆಚ್ಚಾದರೆ ಚಿತ್ರವನ್ನು ದೊಡ್ಡದು ಮಾಡಬೇಡಿ, ಅದೇ ಅಳತೆಯ ಚಿತ್ರಗಳನ್ನು ಹೆಚ್ಚು ಹಾಕಿ. ನೋಡುವವರು ಎಣಿಸಲಿ.

ನಮ್ಮ ಕಡೆ ಇದು ಇನ್ನೂ ಹಳೆಯದು ಅನ್ನಿಸುತ್ತೆ ನನಗೆ. ಧಾರವಾಡದ ಕಸೂತಿ ನೋಡಿ. ಬಟ್ಟೆ ಮೇಲೆ ಗೆರೆ ಹಾಕೋದಿಲ್ಲ, ಎಳೆ ಎಣಿಸಿ ಹೊಲಿಯೋದು. ಗವಂತಿ, ಮುರ್ಗಿ, ನೇಯ್ಗೆ, ಮೆಂತಿ ಅಂತ ನಾಲ್ಕು ಹೊಲಿಗೆ. ಮೆಂತಿ ಅನ್ನೋದು ಅಡ್ಡಗೀಟು, ಗುಣಾಕಾರ ಚಿಹ್ನೆ ಥರ. ಅದನ್ನೇ ಚೌಕದ ಬದಲು ಬಳಸೋಣ.

ಈಗ ಮುಖ್ಯ ವಿಷಯ. ನೂರು ಚೌಕದಲ್ಲಿ ಕನ್ನಡಕ್ಕೆ 66 ಚಿಲ್ಲರೆ, ಉರ್ದುವಿಗೆ 11ರ ಹತ್ತಿರ, ತೆಲುಗಿಗೆ 6ರ ಹತ್ತಿರ, ತುಳುವಿಗೆ ಎರಡೂವರೆ ಚಿಲ್ಲರೆ, ಕೊಂಕಣಿಗೆ ಒಂದು. ಕೊಡವ ಭಾಷೆಗೆ? ಇಡೀ ದೇಶದಲ್ಲಿ ಅದು ತಾಯ್ನುಡಿ ಅಂತ ಬರೆಸಿದವರು ಸುಮಾರು 1.14 ಲಕ್ಷ. ರಾಜ್ಯದ ಜನಸಂಖ್ಯೆ 6.11 ಕೋಟಿ, ಅಂದರೆ ಒಂದು ಚೌಕಕ್ಕೆ 6.11 ಲಕ್ಷ ಜನ. ಚೌಕದ ಐದನೇ ಒಂದು ಭಾಗವೂ ಆಗಲ್ಲ. ರೌಂಡ್ ಮಾಡಿದ್ರೆ ಸೊನ್ನೆ. ಎಕ್ಸೆಲ್ ಬೈಯ್ಯಲ್ಲ, ಆರ್ ಎರರ್ ಕೊಡಲ್ಲ, ಒಂದು ಭಾಷೆ ಸುಮ್ಮನೆ ಮಾಯ! ನಮ್ಮ ಗುಂಪಿನಲ್ಲಿ ಮಡಿಕೇರಿಯ ಗೆಳೆಯರೊಬ್ಬರಿದ್ದಾರೆ. ಪೋಸ್ಟರ್ ಮುಂದೆ ನಿಂತು ಅವರು ‘ನಮ್ಮದು ಎಲ್ಲಿ?’ ಅಂದ್ರೆ ‘ಇತರೆ’ ಅಂತ ತೋರಿಸೋಕೆ ನನಗೆ ಮನಸ್ಸಿಲ್ಲ.

ಹಾಗಾಗಿ ಶೇಕಡಾ ಬಿಟ್ಟು ಒಂದು ಗೀಟಿಗೆ ಒಂದು ಲಕ್ಷ ಜನ ಅಂತ ಇಟ್ಟುಕೊಳ್ಳೋಣ. ಆಗ ಕನ್ನಡಕ್ಕೆ ಸುಮಾರು 406 ಗೀಟು, ಉರ್ದುವಿಗೆ 66, ತೆಲುಗಿಗೆ 36, ತಮಿಳಿಗೆ 21, ತುಳುವಿಗೆ 16, ಕೊಂಕಣಿಗೆ 8, ಕೊಡವಕ್ಕೆ 1. ಹತ್ತು ಅಗಲದ ಕಂಬ ಮಾಡಿದ್ರೆ ಕನ್ನಡ 41 ಸಾಲು ಎತ್ತರಕ್ಕೆ ಹೋಗುತ್ತೆ, ತುಳು ಎರಡು ಸಾಲಲ್ಲಿ ನಿಲ್ಲುತ್ತೆ, ಕೊಡವದ್ದು ಒಂಟಿ ಗೀಟು. ಆದರೆ ಇದೆ.

ಬಾಬ್ ರೂಡಿಸ್ ಅವರ ವಾಫಲ್ ಪ್ಯಾಕೇಜಿನಲ್ಲಿ ಜಿಯೋಮ್ ವಾಫಲ್ ಇದೆ. ಎನ್ ರೋಸ್ 10, ಫ್ಲಿಪ್ ಟ್ರೂ, ಆಮೇಲೆ ಭಾಷೆ ಪ್ರಕಾರ ಫೆಸೆಟ್ ರ‍್ಯಾಪ್ ಹಾಕಿದ್ರೆ ಕಂಬಗಳು ಎದ್ದು ನಿಲ್ತಾವೆ. ಒಂದೇ ಎಚ್ಚರಿಕೆ: ಜನಸಂಖ್ಯೆಯನ್ನು ಲಕ್ಷದಿಂದ ಭಾಗಿಸಿ ಪೂರ್ಣಾಂಕ ಮಾಡಿಯೇ ಕೊಡಿ. ಹಾಗೇ ಕೊಟ್ಟರೆ ಅದು ನಾಲ್ಕು ಕೋಟಿ ಚೌಕ ಬಿಡಿಸೋಕೆ ಕೂರುತ್ತೆ, ನೀವು ಸೆಕ್ಟರ್ 18ಕ್ಕೆ ಹೋಗಿ ಚಹಾ ಕುಡಿದು ಬಂದ್ರೂ ಮುಗಿದಿರಲ್ಲ.

ಮೆಂತಿ ಹೊಲಿಗೆ ಬೇಕಂದ್ರೆ ಮಾತ್ರ ಕೈಯಾರೆ ಮಾಡ್ಬೇಕು. ಕಷ್ಟ ಏನಿಲ್ಲ. ಟೈಡಿಆರ್‌ನ ಅನ್‌ಕೌಂಟ್ ಒಂದು ಸಾಲನ್ನು 406 ಸಾಲು ಮಾಡುತ್ತೆ. ಪ್ರತಿ ಭಾಷೆಯೊಳಗೆ ಸೊನ್ನೆಯಿಂದ ನಂಬರ್ ಹಾಕಿ. ಆ ನಂಬರನ್ನು ಹತ್ತರಿಂದ ಭಾಗಿಸಿದಾಗ ಬರುವ ಶೇಷ ಎಕ್ಸ್, ಭಾಗಲಬ್ಧ ವೈ. ಎಳೆ ಎಣಿಸೋದು ಅಂದ್ರೆ ಇದೇ! ಅದರ ಮೇಲೆ ಜಿಯೋಮ್ ಪಾಯಿಂಟ್, ಶೇಪ್ 4. ಆರ್‌ನಲ್ಲಿ ಶೇಪ್ 4 ಅಂದ್ರೆ ಅಡ್ಡಗೀಟು. ಅದಕ್ಕೆ ಫಿಲ್ ಕೆಲಸ ಮಾಡಲ್ಲ, ಕಲರ್ ಕೊಡಿ; ದಾರದ ದಪ್ಪಕ್ಕೆ ಸ್ಟ್ರೋಕ್. ಕೋಆರ್ಡ್ ಈಕ್ವಲ್ ಮರೀಬೇಡಿ, ಇಲ್ಲದಿದ್ರೆ ಗೀಟಿನ ಸಾಲುಗಳು ಎಳೆದ ರಬ್ಬರ್ ಥರ ಆಗ್ತವೆ. ಗೀಟಿನ ಅಳತೆ ಚಿತ್ರದ ಜೊತೆ ಹಿಗ್ಗಲ್ಲ, ಕುಗ್ಗಲ್ಲ. ಅದಕ್ಕೇ ಪೋಸ್ಟರಿನ ಅಗಲ, ಎತ್ತರ ಮೊದಲೇ ಜಿಜಿಸೇವ್‌ನಲ್ಲಿ ನಿಗದಿ ಮಾಡಿ, ಆಮೇಲೆ ಸೈಜ್ ಹೊಂದಿಸಿ.

ಬಣ್ಣ ಹಾಕೋವಾಗ ಕೈ ಹಿಡಿತದಲ್ಲಿರಲಿ. ನಾನು ಹಿನ್ನೆಲೆಗೆ ಇಳಕಲ್ ಸೀರೆಯ ಕಡುನೀಲಿ, ಗೀಟುಗಳಿಗೆ ಕೆಂಪು, ಬಿಳಿ, ಹಳದಿ ಇಟ್ಟಿದ್ದೀನಿ. ನವಿಲು, ಗೋಪುರ ಎಲ್ಲ ಅಂಚಿನಲ್ಲಿ ಬರಲಿ, ಕಂಬದೊಳಗೆ ಬೇಡ; ಎಣಿಕೆಗೆ ಸೇರದ ಗೀಟು ಕಂಬದಲ್ಲಿ ಒಂದಿದ್ದರೂ ಚಾರ್ಟ್ ಸುಳ್ಳು ಹೇಳುತ್ತೆ.

ಕನ್ನಡ ಅಕ್ಷರದ ಗೋಳು ಬೇರೆ. ಎಷ್ಟೋ ಕಡೆ ಒತ್ತಕ್ಷರ ಬಿಟ್ಟುಕೊಂಡು ಪಕ್ಕದಲ್ಲಿ ನಿಲ್ಲುತ್ತೆ. ನೋಟೋ ಸಾನ್ಸ್ ಕನ್ನಡ ಹಾಕಿ, ರ‍್ಯಾಗ್ ಪ್ಯಾಕೇಜಿನ ಪಿಎನ್‌ಜಿ ಡಿವೈಸ್‌ನಲ್ಲಿ ಸೇವ್ ಮಾಡಿ. ಅದು ಅಕ್ಷರಗಳನ್ನು ಸರಿಯಾಗಿ ಜೋಡಿಸುತ್ತೆ.

ಫ್ಲೆಕ್ಸ್ ಪ್ರಿಂಟ್‌ಗೆ 300 ಡಿಪಿಐ ಸಾಕು. ಅಂಗಡಿಯವನಿಗೆ ಪಿಎನ್‌ಜಿ ಫೈಲನ್ನೇ ಕೊಡಿ, ಕನ್ನಡವನ್ನು ಅವನ ಹತ್ತಿರ ಮತ್ತೆ ಟೈಪ್ ಮಾಡಿಸಬೇಡಿ. ಕೆಳಗೆ ಬಲಮೂಲೆಯಲ್ಲಿ ‘ಒಂದು ಗೀಟು = ಒಂದು ಲಕ್ಷ ಜನ, ಜನಗಣತಿ 2011’ ಅಂತ ಬರೀರಿ. ಕೊಡವದ ಆ ಒಂಟಿ ಗೀಟಿಗೆ ನಾನು ಹಳದಿ ಕೊಟ್ಟಿದ್ದೀನಿ, ಕಡುನೀಲಿ ಮೇಲೆ ಹತ್ತಡಿ ದೂರದಿಂದಲೂ ಕಾಣುತ್ತೆ.