ಪಾಲಿಮರ್ ಶಾಸ್ತ್ರದಲ್ಲಿ ಡಾಕ್ಟರೇಟ್

ಮನೆಗೆ ಬರುವ ಹಾಲಿನ ಪೊಟ್ಟಣ, ಸೈಕಲ್ಲಿನ ಟೈರು, ಹತ್ತಿಯ ಪಂಚೆ ಇವೆಲ್ಲವೂ ಪಾಲಿಮರುಗಳೇ. ಸಣ್ಣ ಅಣುಗಳು ಸರಪಣಿಯಂತೆ ಕೂಡಿ ಆದ ಬೃಹದಣುಗಳು. ಈ ಶಾಸ್ತ್ರದಲ್ಲಿ ಸಂಶೋಧನೆ ನಡೆಸಬಯಸುವವರಿಗೆ ಮೈಸೂರಿನ ಜೆ.ಎಸ್.ಎಸ್. ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾನಿಲಯದಲ್ಲಿ ಪ್ರತ್ಯೇಕ ವಿಭಾಗವೇ ಉಂಟು. ಅರ್ಜಿ ಹಾಕುವ ಮುನ್ನ ಮಾರ್ಗದರ್ಶಕರನ್ನು ಕಂಡು, ಪ್ರಯೋಗಕ್ಕೆ ಬೇಕಾದ ಉಪಕರಣಗಳು ಅಲ್ಲಿವೆಯೇ ಎಂದು ವಿಚಾರಿಸುವುದು ಲೇಸು.

2022ರ ಯು.ಜಿ.ಸಿ. ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷ. “ಇನ್ನೂ ಮುಗಿಯಲಿಲ್ಲವೆ?” ಎಂದು ಹಿರಿಯರು ಕೇಳುವುದು ಸಹಜ. ಆದರೆ ಒಂದು ಹಾಳೆ ಎಷ್ಟು ಬಿಸಿಲಿಗೆ ಬಿರಿಯುವುದೆಂದು ತಿಳಿಯಲು ತಿಂಗಳುಗಟ್ಟಲೆ ಕಾಯಬೇಕಾದೀತು. ಬೃಹದಣುವಿನ ಕಲ್ಪನೆಯನ್ನು 1920ರಲ್ಲಿ ಮುಂದಿಟ್ಟ ಸ್ಟೌಡಿಂಗರ್ ಅವರಿಗೆ ನೊಬೆಲ್ ಪಾರಿತೋಷಕ ದೊರೆತುದು 1953ರಲ್ಲಿ. ವಿದ್ಯಾರ್ಥಿಗಳು ವಿಫಲವಾದ ಪ್ರಯೋಗವನ್ನೂ ಅಂದಂದೇ ಬರೆದಿಡಲಿ. ಮನೆಯವರು ತುಸು ತಾಳ್ಮೆ ತೋರಲಿ.